ಬಾಟಲಿಯ ತಾಲೀಮು

ಪಾನೀಯ ಬೆರೆಸಿ ಕೊಡುವವರು ಬಾಟಲಿಯನ್ನು ಗಾಳಿಗೆ ಎಸೆದು, ಬೆನ್ನ ಹಿಂದಿನಿಂದ ತಂದು, ಅಂಗೈಯ ಹಿಂಬದಿಯ ಮೇಲೆ ಕ್ಷಣಕಾಲ ನಿಲ್ಲಿಸಿ, ಕೊನೆಗೆ ಹನಿಯೂ ಚೆಲ್ಲದಂತೆ ಗ್ಲಾಸಿಗೆ ಸುರಿಯುವ ಕಲೆಗೆ ಫ್ಲೇರ್ ಬಾರ್‌ಟೆಂಡಿಂಗ್ ಎಂದು ಹೆಸರು. ಬಾರಿನ ಕೌಂಟರಿನ ಹಿಂದೆ ನಿಂತು ಮದ್ಯ, ಹಣ್ಣಿನ ರಸ, ಸೋಡಾಗಳನ್ನು ಅಳತೆಗೆ ತಕ್ಕಂತೆ ಕೂಡಿಸಿ ಕೊಡುವ ಕೆಲಸಗಾರರು ಬಾರ್‌ಟೆಂಡರುಗಳು. ಆ ಕೆಲಸಕ್ಕೆ ಕೈಚಳಕ ಕೂಡಿದಾಗ ಅದು ಫ್ಲೇರ್ ಆಗುತ್ತದೆ. ಇದರಲ್ಲಿ ಎರಡು ಬಗೆಗಳಿವೆ. ಮೊದಲನೆಯದು ಕೆಲಸದ ನಡುವೆಯೇ ನಡೆಯುವ ಫ್ಲೇರ್. ಇಲ್ಲಿ ಗಿರಾಕಿ ಕೇಳಿದ ಪಾನೀಯ ತಡವಾಗಬಾರದು, ಬಾಟಲಿಯಲ್ಲಿ ಮಾರುವ ಸರಕೇ ಇರುತ್ತದೆ, ಆದ್ದರಿಂದ ಚಲನೆಗಳು ಚಿಕ್ಕವಾಗಿ, ಬೇಗ ಮುಗಿಯುವಂಥವಾಗಿರುತ್ತವೆ. ಎರಡನೆಯದು ಪ್ರದರ್ಶನದ ಫ್ಲೇರ್. ಸಂಗೀತಕ್ಕೆ ಹೊಂದಿಕೊಂಡು ಕೆಲವು ನಿಮಿಷ ನಡೆಯುವ ಈ ಆಟದಲ್ಲಿ ಬಾಟಲಿಯ ತಳ ತೋಯುವಷ್ಟೇ ದ್ರವವಿರುತ್ತದೆ, ಒಂದೇ ಕೈಜೋಡಿ ಮೂರು ನಾಲ್ಕು ಬಾಟಲಿಗಳನ್ನು ಆಡಿಸುತ್ತಿರಬಹುದು. ಚಪ್ಪಾಳೆ ಹೆಚ್ಚು ಸಿಗುವುದು ಎರಡನೆಯದಕ್ಕೇ ಆದರೂ ಕೈಯ ನಿಜವಾದ ಪರೀಕ್ಷೆ ನಡೆಯುವುದು ಮೊದಲನೆಯದರಲ್ಲಿ, ಏಕೆಂದರೆ ಅರ್ಧ ತುಂಬಿದ ಬಾಟಲಿಯೊಳಗೆ ದ್ರವ ತನ್ನದೇ ದಿಕ್ಕಿನಲ್ಲಿ ಹೊಯ್ದಾಡುತ್ತಿರುತ್ತದೆ ಮತ್ತು ಆಡಿಸುವವರು ಆ ಹೊಯ್ದಾಟವನ್ನೂ ಎಣಿಕೆಗೆ ತೆಗೆದುಕೊಂಡೇ ಎಸೆಯಬೇಕಾಗುತ್ತದೆ.

ಈ ಕಲೆಯ ಹಳೆಯ ದಾಖಲೆಗಳಲ್ಲಿ ಅಮೆರಿಕದ ಜೆರ್ರಿ ಥಾಮಸ್ ಎಂಬಾತನ ಹೆಸರು ಮುಖ್ಯವಾದುದು. ಆತ 1862ರಲ್ಲಿ ಪ್ರಕಟಿಸಿದ ಪಾನೀಯಗಳ ಪುಸ್ತಕದಲ್ಲಿ ಬ್ಲೂ ಬ್ಲೇಜರ್ ಎಂಬುದರ ವಿವರವಿದೆ. ವಿಸ್ಕಿಗೆ ಕುದಿಯುವ ನೀರು ಕೂಡಿಸಿ, ಬೆಂಕಿ ಹೊತ್ತಿಸಿ, ಉರಿಯುತ್ತಿರುವಾಗಲೇ ಒಂದು ಮಗ್ಗಿನಿಂದ ಇನ್ನೊಂದಕ್ಕೆ ಎತ್ತರದಿಂದ ಹಲವು ಸಲ ಸುರಿಯುವುದು ಅದರ ಕ್ರಮ. ಉತ್ತರ ಕರ್ನಾಟಕದ ವಿಜಯಪುರದ ಚಹಾದಂಗಡಿಗಳಲ್ಲಿ ಚಹಾವನ್ನು ಎತ್ತಿ ಹೊಯ್ಯುವ ಕೈಯನ್ನು ದಿನವೂ ಕಾಣುವವರಿಗೆ ಆ ಉರಿಯುವ ಧಾರೆಯನ್ನು ಊಹಿಸಿಕೊಳ್ಳುವುದು ಕಷ್ಟವಾಗದು. ಆದರೆ ಬಾಟಲಿಯನ್ನೇ ಎಸೆದು ಹಿಡಿಯುವ ಇಂದಿನ ಪದ್ಧತಿ ಬಲವಾದದ್ದು 1980ರ ದಶಕದಲ್ಲಿ. ಟಿಜಿಐ ಫ್ರೈಡೇಸ್ ಎಂಬ ಉಪಾಹಾರ ಗೃಹಗಳ ಸರಣಿ ತನ್ನ ಬಾರ್‌ಟೆಂಡರುಗಳ ನಡುವೆ ಸ್ಪರ್ಧೆಗಳನ್ನು ನಡೆಸತೊಡಗಿತು. 1986ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಡೆದ ಸ್ಪರ್ಧೆಯಲ್ಲಿ ಗೆದ್ದ ಜಾನ್ ಬ್ಯಾಂಡಿ, 1988ರಲ್ಲಿ ತೆರೆಕಂಡ ‘ಕಾಕ್‌ಟೇಲ್’ ಚಲನಚಿತ್ರಕ್ಕಾಗಿ ನಟ ಟಾಮ್ ಕ್ರೂಸ್‌ಗೆ ಬಾಟಲಿಯ ಆಟಗಳನ್ನು ಕಲಿಸಿದ. ಆ ಚಿತ್ರ ಜಗತ್ತಿನ ಮೂಲೆಮೂಲೆಯ ಯುವಕರ ಕೈಗೆ ಬಾಟಲಿ ಕೊಟ್ಟಿತು. 1997ರಲ್ಲಿ ಫ್ಲೇರ್ ಬಾರ್‌ಟೆಂಡರುಗಳದೇ ಸಂಘ ಹುಟ್ಟಿತು. ಭಾರತದಲ್ಲಿ ಮುಂಬೈಯೇ ಈ ವೃತ್ತಿಯ ದೊಡ್ಡ ಪಾಠಶಾಲೆ. ದೇಶದ ಮೊದಲ ಮಹಿಳಾ ಬಾರ್‌ಟೆಂಡರುಗಳಲ್ಲಿ ಒಬ್ಬರಾದ ಶತ್ಭಿ ಬಸು ಅಲ್ಲಿ ತರಬೇತಿ ಶಾಲೆ ಕಟ್ಟಿದರು, ಬಾಟಲಿ ಆಡಿಸುವುದರಲ್ಲಿ ಆಮಿ ಶ್ರಾಫ್ ಅವರ ಹೆಸರು ಅದೇ ನಗರದಿಂದ ದೇಶಕ್ಕೆ ಪರಿಚಯವಾಯಿತು. ಮದ್ಯ ಸೇವಿಸುವ ಸ್ಥಳಗಳಲ್ಲಿ ಹೆಂಗಸರು ಕೆಲಸ ಮಾಡಬಾರದೆಂಬ ಹಳೆಯ ಪಂಜಾಬ್ ಅಬಕಾರಿ ಕಾಯ್ದೆಯ ವಿಧಿ ದೆಹಲಿಯಲ್ಲಿ ಬಹಳ ಕಾಲ ಜಾರಿಯಲ್ಲಿತ್ತು. ಅದು ಸಂವಿಧಾನಕ್ಕೆ ವಿರುದ್ಧವೆಂದು ಸುಪ್ರೀಂ ಕೋರ್ಟ್ ಅನುಜ್ ಗರ್ಗ್ ಪ್ರಕರಣದಲ್ಲಿ ತೀರ್ಪಿತ್ತದ್ದು 2007ರಲ್ಲಿ ಎಂಬುದನ್ನು ನೆನೆದರೆ, ಈ ಇಬ್ಬರು ಹೆಂಗಸರು ನಡೆದು ಬಂದ ಹಾದಿ ಎಷ್ಟು ಗಟ್ಟಿಯಾದ ಮನಸ್ಸನ್ನು ಬೇಡಿತ್ತೆಂಬುದು ತಿಳಿಯುತ್ತದೆ.

ವಿಜಯಪುರ ನಗರಕ್ಕೆ ಬಂದರೆ ಈ ಕಲೆಗೆ ನಿಲ್ಲಲು ನೆಲವಿಲ್ಲ, ಮತ್ತು ಅದರ ಕಾರಣ ಜನರ ಅಭಿರುಚಿಗಿಂತ ಹೆಚ್ಚಾಗಿ ಮಾರಾಟದ ವ್ಯವಸ್ಥೆಯಲ್ಲಿದೆ. ಕರ್ನಾಟಕದ ಅಬಕಾರಿ ನಿಯಮಗಳು ಪರವಾನಗಿಗಳನ್ನು ಸಂಖ್ಯೆಯಿಂದ ಗುರುತಿಸುತ್ತವೆ. ಸಿಎಲ್-2 ಎಂದರೆ ಕೊಂಡು ಹೋಗುವ ಅಂಗಡಿ, ಸಿಎಲ್-7 ಎಂದರೆ ತಂಗುವ ಕೋಣೆಗಳಿರುವ ಹೋಟೆಲು, ಸಿಎಲ್-9 ಎಂದರೆ ಊಟದ ಜೊತೆಗೆ ಕುಡಿಯಲು ಕೊಡುವ ಬಾರ್ ಆ್ಯಂಡ್ ರೆಸ್ಟೋರೆಂಟ್. ಮಧ್ಯಮ ಗಾತ್ರದ ಊರುಗಳ ಸಾಮಾನ್ಯ ಬಾರಿನಲ್ಲಿ ಕೌಂಟರ್ ಎಂಬುದು ಲೆಕ್ಕ ಬರೆಯುವ, ದುಡ್ಡು ಎಣಿಸುವ, ದಾಸ್ತಾನು ಕಾಯುವ ಜಾಗ. ಗಿರಾಕಿ ಅದರೆದುರು ಕೂರುವುದಿಲ್ಲ, ಮೂಲೆಯ ಟೇಬಲ್ಲಿಗೋ ಪರದೆಯ ಹಿಂದಿನ ಕೋಣೆಗೋ ಹೋಗುತ್ತಾನೆ. ಸಪ್ಲೈಯರ್ ಬಂದು ಕ್ವಾರ್ಟರ್, ಅಂದರೆ 180 ಮಿಲಿಲೀಟರಿನ ಸೀಸೆಯನ್ನೋ ಅದರ ಅರ್ಧವಾದ ನೈಂಟಿಯನ್ನೋ ಇಟ್ಟು, ಗಿರಾಕಿಯ ಕಣ್ಣೆದುರೇ ಮುಚ್ಚಳದ ಸೀಲು ಮುರಿದು ಹೋಗುತ್ತಾನೆ. ನೀರು, ಸೋಡಾ ಬೆರೆಸಿಕೊಳ್ಳುವ ಕೆಲಸ ಗಿರಾಕಿಯದೇ. ಈ ಸೀಲು ಮುರಿಯುವ ಕ್ರಿಯೆಯಲ್ಲಿ ಒಂದು ಒಪ್ಪಂದವಿದೆ. ಕೂಲಿಯ ಹಣದಲ್ಲಿ ಕೊಂಡದ್ದಕ್ಕೆ ನೀರು ಸೇರಿಲ್ಲ, ಅಗ್ಗದ ಸರಕು ಬೆರೆತಿಲ್ಲ ಎಂಬ ಖಾತ್ರಿ ಅದು. ಬೆರೆಸುವವರ ಕೈಯನ್ನು ನಂಬಿದ ಕಡೆ ಮಾತ್ರ ಬೆರೆಸುವ ಕಲೆ ಬೆಳೆಯುತ್ತದೆ, ಆ ಕೈ ಕಣ್ಣೆದುರು ಇದ್ದಾಗ ಮಾತ್ರ ಅದಕ್ಕೆ ಚಮತ್ಕಾರ ಕೂಡುತ್ತದೆ. ಸೀಲಿನ ಮೇಲೆ ನಂಬಿಕೆ ನಿಂತಿರುವ ವ್ಯವಸ್ಥೆಯಲ್ಲಿ ಬಾಟಲಿಯನ್ನು ತಿರುಗಿಸಿ ಸುರಿಯುವವರಿಗೆ ಕೆಲಸವೇ ಇಲ್ಲ. ಆದುದರಿಂದ ಈ ಭಾಗದ ಹುಡುಗನೊಬ್ಬ ಈ ವಿದ್ಯೆಯನ್ನು ಹೊಟ್ಟೆಪಾಡಿಗೆ ಹಚ್ಚಬೇಕೆಂದರೆ ಗೋವಾ, ಪುಣೆ, ಮುಂಬೈ ಇಲ್ಲವೇ ಬೆಂಗಳೂರಿನ ದಾರಿ ಹಿಡಿಯಬೇಕು.

ವಿಜಯಪುರ ನಗರದಿಂದ ಪಶ್ಚಿಮಕ್ಕೆ ಹೊರಟರೆ ಮೊದಲು ತೊರವಿ ಸಿಗುತ್ತದೆ. ಎರಡನೆಯ ಇಬ್ರಾಹಿಂ ಆದಿಲ್‌ಶಾಹ 1599ರಲ್ಲಿ ನೌರಸಪುರವೆಂಬ ಹೊಸ ನಗರವನ್ನು ಕಟ್ಟಿಸಲು ತೊಡಗಿದ್ದು ಇಲ್ಲಿಯೇ, ಸಂಗೀತ ಮಹಲಿನ ಪಾಳುಗೋಡೆಗಳು ಇಂದಿಗೂ ನಿಂತಿರುವುದೂ ಇಲ್ಲಿಯೇ. ಹಾಡುವವರಿಗೂ ಆಡುವವರಿಗೂ ನೋಡುಗರ ಮುಂದೆ ಒಂದು ಜಾಗ ಮಾಡಿಕೊಡಬೇಕೆಂಬ ತಿಳಿವಳಿಕೆ ಈ ಮಣ್ಣಿಗೆ ಹೊಸದಲ್ಲ ಎನ್ನಲು ಈ ಗೋಡೆಗಳು ಸಾಕು. ಮುಂದೆ ಟಿಕೋಟಾ, ಅದರ ದಕ್ಷಿಣಕ್ಕೆ ಬಬಲೇಶ್ವರ. ಹಿಂದೆ ವಿಜಯಪುರ ತಾಲ್ಲೂಕಿನೊಳಗಿದ್ದು ಈಗ ತಾವೇ ತಾಲ್ಲೂಕುಗಳಾಗಿರುವ ಈ ಎರಡೂ ಕಡೆ ದ್ರಾಕ್ಷಿ ತೋಟಗಳು ದೊಡ್ಡ ಪ್ರಮಾಣದಲ್ಲಿವೆ. ಇಲ್ಲಿಯ ದ್ರಾಕ್ಷಿಯ ಬಹುಪಾಲು ವೈನ್ ಆಗುವುದಿಲ್ಲ, ಒಣದ್ರಾಕ್ಷಿಯಾಗುತ್ತದೆ. ಬೀಜವಿಲ್ಲದ ಥಾಮ್ಸನ್ ಜಾತಿ ಮತ್ತು ಅದರ ಕುಲದ ತಳಿಗಳ ಗೊನೆಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಹಾಗೂ ಅದ್ದುವ ಎಣ್ಣೆ ಕದಡಿದ ನೀರಿನಲ್ಲಿ ಮುಳುಗಿಸಿ, ಶೆಡ್ಡಿನೊಳಗೆ ಒಂದರ ಮೇಲೊಂದು ಕಟ್ಟಿದ ಬಲೆಗಳ ಮೇಲೆ ಹರಡಿ, ನೆರಳಿನಲ್ಲಿ ಒಣಗಿಸುತ್ತಾರೆ. ಹಣ್ಣಿನ ಮೇಲ್ಮೈಯ ಮೇಣದ ಪದರ ಈ ದ್ರಾವಣದಿಂದ ಸಡಿಲವಾಗಿ ನೀರಿನಂಶ ಬೇಗ ಹೊರಬೀಳುವುದರಿಂದ, ಇನ್ನೂ ಬಹಳ ದಿನ ಹಿಡಿಯಬೇಕಾದದ್ದು ಸುಮಾರು ಎರಡು ವಾರಗಳಲ್ಲಿ ಮುಗಿಯುತ್ತದೆ. ಏಪ್ರಿಲ್ ಮತ್ತು ಅಕ್ಟೋಬರ್ ಎಂದು ವರ್ಷಕ್ಕೆ ಎರಡು ಚಾಟನಿ, ಅಂದರೆ ಬಳ್ಳಿ ಸವರುವ ಕೆಲಸ; ಪ್ರತಿ ಕಡ್ಡಿಯ ಕಣ್ಣು ಎಣಿಸಿ ಎಲ್ಲಿ ಕತ್ತರಿಸಬೇಕೆಂದು ನಿರ್ಧರಿಸುವ ಬೆರಳುಗಳು ಇಲ್ಲಿಯ ಮನೆಮನೆಗಳಲ್ಲಿವೆ. ಬಾಟಲಿಯ ಆಟ ಕಲಿಯಲು ಬೇಕಾದ ಮೊದಲ ಗುಣವೂ ಇದೇ, ಬೇಸರಿಸಿಕೊಳ್ಳದೆ ಒಂದೇ ಚಿಕ್ಕ ಕೆಲಸವನ್ನು ಮತ್ತೆ ಮತ್ತೆ ಮಾಡಬಲ್ಲ ಕೈ.

ಕಲಿಕೆಯ ಸಲಕರಣೆಗಳು ಸರಳವಾದವು. 750 ಮಿಲಿಲೀಟರಿನ ಖಾಲಿ ಗಾಜಿನ ಬಾಟಲಿ ಸುಮಾರು ಅರ್ಧ ಕಿಲೋ ತೂಗುತ್ತದೆ; ಅದೇ ಆಕಾರದ, ಅದೇ ಸಮತೂಕದ ಪ್ಲಾಸ್ಟಿಕ್ ಬಾಟಲಿಗಳು ಅಭ್ಯಾಸಕ್ಕೆಂದೇ ಸಿಗುತ್ತವೆ. ಅವು ದೊರೆಯದ ಕಡೆ ಗಾಜಿನ ಬಾಟಲಿಗೆ ಅಂಟುಪಟ್ಟಿಯನ್ನು ಕುತ್ತಿಗೆಯಿಂದ ತಳದವರೆಗೆ ಸುತ್ತಿ, ಒಡೆದರೂ ಚೂರು ಸಿಡಿಯದಂತೆ ಮಾಡಿಕೊಳ್ಳುವುದು ವಾಡಿಕೆ. ಜೊತೆಗೆ ಟಿನ್ ಎಂದು ಕರೆಯುವ, ಪಾನೀಯ ಕಲಕುವ ಉಕ್ಕಿನ ಲೋಟ ಬೇಕು. ಬಾಟಲಿಯೂ ಟಿನ್ನೂ ಕೂಡಿಯೇ ಆಟ ಪೂರ್ಣವಾಗುತ್ತದೆ. ಬಾಟಲಿಯ ಬಾಯಿಗೆ ಸಿಕ್ಕಿಸುವ ಲೋಹದ ಸಣ್ಣ ಕೊಳವೆಗೆ ಪೋರರ್ ಎನ್ನುತ್ತಾರೆ, ಧಾರೆ ಒಂದೇ ವೇಗದಲ್ಲಿ ಬೀಳುವಂತೆ ಮಾಡುವುದು ಅದರ ಕೆಲಸ. ವಿಜಯಪುರ ಜಿಲ್ಲೆಯ ಹಳೆಯ ಮನೆಗಳಲ್ಲಿ ನೆಲಕ್ಕೆ ಫರಸಿ ಕಲ್ಲು ಹಾಸಿರುತ್ತದೆ. ಆ ಕಲ್ಲಿನ ಮೇಲೆ ಬಿದ್ದ ಗಾಜು ಉಳಿಯುವ ಮಾತಿಲ್ಲ. ಹಳೆಯ ಸೀರೆಗಳನ್ನು ಪದರಪದರವಾಗಿ ಕೂಡಿಸಿ ಮನೆಯ ಹೆಂಗಸರು ಹೊಲಿದ ಕೌದಿಯನ್ನು ಎರಡಾಗಿ ಮಡಚಿ ಕಾಲ ಬಳಿ ಹಾಸಿದರೆ ಅದಕ್ಕಿಂತ ಒಳ್ಳೆಯ ಹಾಸು ಬೇರೆ ಬೇಡ, ತೋಟದಲ್ಲಾದರೆ ಹರಗಿದ ಎರೆಮಣ್ಣೇ ಸಾಕು.

ಮೊದಲ ಪಾಠ ಫ್ಲಿಪ್, ಅಂದರೆ ಒಂದು ಸುತ್ತಿನ ಎಸೆತ. ಬಾಟಲಿಯ ಕುತ್ತಿಗೆಯನ್ನು ನಾಲ್ಕು ಬೆರಳುಗಳು ಸುತ್ತಿ ಹಿಡಿದಿರುತ್ತವೆ, ಹೆಬ್ಬೆರಳು ಕುತ್ತಿಗೆಯ ಉದ್ದಕ್ಕೆ ಮಲಗಿರುತ್ತದೆ, ಬಾಟಲಿಯ ಹೊಟ್ಟೆ ಮುಂದಕ್ಕೆ ಚಾಚಿಕೊಂಡು ತುಸು ಕೆಳಗೆ ಬಾಗಿರುತ್ತದೆ. ಮೊಣಕೈ ಪಕ್ಕೆಗೆ ಹತ್ತಿರವಿದ್ದು, ಮುಂಗೈ ಮಾತ್ರ ಮೇಲೇಳುತ್ತದೆ. ಅದು ಎದೆಯ ಮಟ್ಟಕ್ಕೆ ಬರುತ್ತಿದ್ದಂತೆ ಬೆರಳುಗಳು ಬಿಚ್ಚಿಕೊಳ್ಳುತ್ತವೆ. ಹೊಸಬರು ಇಲ್ಲಿ ಮಣಿಕಟ್ಟನ್ನು ಬಲವಾಗಿ ಕುಲುಕಿ ಬಾಟಲಿಯನ್ನು ತಿರುಗಿಸಲು ಹೋಗುತ್ತಾರೆ, ಆಗ ಅದು ಒಂದೂವರೆ ಸುತ್ತು ತಿರುಗಿ ತಳವನ್ನೇ ಅಂಗೈಗೆ ಒಡ್ಡುತ್ತದೆ. ನಿಜಕ್ಕೆ ಬಾಟಲಿಗೆ ತಿರುಗುವ ಗುಣ ಮುಂಗೈಯ ಏರಿಕೆಯಿಂದಲೇ ಬರುತ್ತದೆ. ಮುಂಗೈ ಮೊಣಕೈಯ ಸುತ್ತ ಕಮಾನಾಗಿ ಏಳುವಾಗ ಮುಂದೆ ಚಾಚಿದ ಹೊಟ್ಟೆ ಕುತ್ತಿಗೆಗಿಂತ ಬೇಗ ಚಲಿಸುವುದರಿಂದ, ಕೈ ಬಿಟ್ಟ ಮೇಲೆ ಹೊಟ್ಟೆ ಮೇಲೇರುತ್ತಾ ಕುತ್ತಿಗೆ ಕೆಳಗಿಳಿಯುತ್ತಾ ಅದು ತಾನಾಗಿ ಮಗುಚುತ್ತದೆ. ಕೈ ಮಾಡಬೇಕಾದದ್ದು ಎತ್ತರವನ್ನು ನಿಶ್ಚಯಿಸುವುದಷ್ಟೆ. ಎತ್ತರವೆಂದರೆ ಸಮಯ, ಬಿಟ್ಟ ಮಟ್ಟದಲ್ಲಿಯೇ ಹಿಡಿಯುವುದಾದರೆ 60 ಸೆಂಟಿಮೀಟರ್ ಮೇಲೇರಿದ ಬಾಟಲಿ ಗಾಳಿಯಲ್ಲಿರುವುದು 0.7 ಸೆಕೆಂಡು ಮಾತ್ರ, ಮತ್ತು ಈ ಸಮಯವನ್ನು ಎರಡು ಪಟ್ಟು ಮಾಡಿಕೊಳ್ಳಬೇಕಾದರೆ ಎತ್ತರವನ್ನು ನಾಲ್ಕು ಪಟ್ಟು ಹೆಚ್ಚಿಸಬೇಕು. ಗುರುತ್ವಾಕರ್ಷಣೆಯ ಈ ಲೆಕ್ಕದಿಂದ ತಪ್ಪಿಸಿಕೊಂಡ ಕಲಾವಿದರಿಲ್ಲ. ಹೀಗಾಗಿ ಒಳ್ಳೆಯ ಗುರು ಶಿಷ್ಯನ ಹಿಡಿಯುವ ಕೈಯನ್ನು ನೋಡುವುದಿಲ್ಲ, ಬಿಡುವ ಕೈಯನ್ನು ನೋಡುತ್ತಾನೆ. ಎಸೆತ ಸರಿಯಿದ್ದರೆ ಕುತ್ತಿಗೆ ತಾನಾಗಿಯೇ ಬಂದು ಅಂಗೈಯಲ್ಲಿ ಕೂರುತ್ತದೆ, ಎಸೆತ ತಪ್ಪಿದ ಮೇಲೆ ಎಷ್ಟು ಚುರುಕಾಗಿ ಹಿಡಿದರೂ ಅದು ಕಲಿಕೆಯಾಗುವುದಿಲ್ಲ.

ಎರಡನೆಯ ದೊಡ್ಡ ಪಾಠಕ್ಕೆ ಸ್ಟಾಲ್ ಎನ್ನುತ್ತಾರೆ. ಗಾಳಿಯಲ್ಲಿ ತಿರುಗಿ ಬಂದ ಬಾಟಲಿಯನ್ನು ಅಂಗೈಯ ಹಿಂಬದಿಯ ಮೇಲೋ ಮೊಣಕೈಯ ಮೇಲೋ ಟಿನ್ನಿನ ತಳದ ಮೇಲೋ ನೆಟ್ಟಗೆ ನಿಲ್ಲಿಸುವುದು ಅದರ ಅರ್ಥ. ನೋಡುವವರಿಗೆ ಇದು ಜಾದುವಿನಂತೆ ತೋರುತ್ತದೆ, ಆದರೆ ಒಳಗಿನ ಸಂಗತಿ ಬೇರೆ. ಬೀಳುತ್ತಿರುವ ಬಾಟಲಿಯ ಕೆಳಗೆ ಕೈಯನ್ನು ಗಟ್ಟಿಯಾಗಿ ಹಿಡಿದರೆ ಅದು ಪುಟಿದು ಹೋಗುತ್ತದೆ. ಕೈಯೂ ಬಾಟಲಿಯೂ ಒಂದೇ ವೇಗದಲ್ಲಿ ಕೆಳಗಿಳಿಯುತ್ತಿರುವಾಗ ಎರಡೂ ತಾಗಬೇಕು, ತಾಗಿದ ಮೇಲೆ ಮೊಣಕಾಲು ತುಸು ಬಾಗಿ ಆ ಇಳಿತವನ್ನು ಮೆತ್ತಗೆ ನಿಲ್ಲಿಸಬೇಕು. ಕಣ್ಣು ತಳದ ಮೇಲಿರಬಾರದು, ಬಾಟಲಿಯ ಬಾಯಿಯ ಅಂಚಿನ ಮೇಲಿರಬೇಕು, ಏಕೆಂದರೆ ವಾಲುವಿಕೆ ಮೊದಲು ಕಾಣುವುದು ತುದಿಯಲ್ಲಿ. ಇದರ ನಂತರ ತೋಳಿನ ಮೇಲೆ ಉರುಳಿಸುವ ರೋಲ್, ಮೊಣಕೈಯಿಂದ ತಟ್ಟಿ ಮತ್ತೆ ಮೇಲೆ ಕಳಿಸುವ ಬಂಪ್, ಬೆನ್ನ ಹಿಂದಿನಿಂದ ಎದುರು ಭುಜದ ಮೇಲೆ ದಾಟಿಸುವ ಎಸೆತ ಮುಂತಾದವು ಬರುತ್ತವೆ. ಇವೆಲ್ಲ ಆ ಎರಡು ಮೂಲಪಾಠಗಳ ವಿಸ್ತಾರಗಳೇ.

ಟಿಕೋಟಾದ ತರುಣನೊಬ್ಬನಿಗೆ ಈ ಪಾಠಗಳು ಪರದೇಶದವೆಂದು ತೋರಬಹುದು, ಆದರೆ ಇವುಗಳ ಹಿಂದಿನ ಒಂದು ಎಳೆ ಗರಡಿಯೊಳಗಿನಿಂದಲೇ ಹೊರಟಿದೆ. ಕುಸ್ತಿಯ ಗರಡಿಗೂ ಅಲ್ಲಿ ನಡೆಯುವ ಸಾಮುಗೂ ಉತ್ತರ ಕರ್ನಾಟಕದಲ್ಲಿ ತಾಲೀಮು ಎಂಬುದೊಂದೇ ಮಾತು. ಪೈಲವಾನರು ಹೆಗಲ ಸುತ್ತ, ತಲೆಯ ಹಿಂದೆ ಬೀಸುವ ಮುದ್ಗರ, ಅಂದರೆ ಹಿಡಿಯ ಕಡೆ ಸಣ್ಣದಾಗಿ ಕೆಳಗೆ ದಪ್ಪವಾಗುತ್ತ ಹೋಗುವ ಮರದ ಸಾಧನ, ಭಾರತದ ಗರಡಿಗಳಲ್ಲಿ ಬಹಳ ಹಳೆಯದು. 19ನೇ ಶತಮಾನದಲ್ಲಿ ಬ್ರಿಟಿಷ್ ಸೈನ್ಯದವರು ಈ ಸಾಮನ್ನು ಕಂಡು ಮೆಚ್ಚಿ ಇಂಗ್ಲೆಂಡಿಗೆ ಒಯ್ದರು. ಇಂಡಿಯನ್ ಕ್ಲಬ್ ಎಂಬ ಹೆಸರಿನಲ್ಲಿ ಅದು ಯುರೋಪು ಅಮೆರಿಕಗಳ ವ್ಯಾಯಾಮಶಾಲೆಗಳಲ್ಲಿ ಹಬ್ಬಿತು, ಸೈಮನ್ ಕೀಹೋ ಎಂಬಾತ 1866ರಲ್ಲಿ ನ್ಯೂಯಾರ್ಕಿನಿಂದ ಅದರ ಬಗ್ಗೆ ಪುಸ್ತಕವನ್ನೇ ಹೊರತಂದ. ಬೀಸುವುದಕ್ಕಾಗಿ ಹೋದ ಮುದ್ಗರವನ್ನು ಅದೇ ಶತಮಾನದ ಕೊನೆಯ ದಶಕಗಳಲ್ಲಿ ಸರ್ಕಸ್ಸಿನವರು ಹಗುರ ಮಾಡಿ, ಎಸೆದು ಹಿಡಿಯುವ ಸಾಧನವಾಗಿ ಬದಲಿಸಿಕೊಂಡರು. ಇಂದು ಜಗತ್ತಿನ ಜಗ್ಲರುಗಳ, ಅಂದರೆ ಹಲವು ವಸ್ತುಗಳನ್ನು ಎಸೆದು ಹಿಡಿಯುವ ಆಟಗಾರರ ಕೈಯಲ್ಲಿರುವ ಕ್ಲಬ್ ಹುಟ್ಟಿದ್ದು ಹಾಗೆ. ಬಾಟಲಿಯ ಆಕಾರವೂ ಅದೇ, ತೂಕ ಹಂಚಿಕೊಂಡ ಬಗೆಯೂ ಅದೇ ಆದುದರಿಂದ ಫ್ಲೇರ್ ಕಲಾವಿದರು ತಮ್ಮ ಎಸೆತಗಳಲ್ಲಿ ಹಲವನ್ನು ಕ್ಲಬ್ಬಿನ ಆಟದಿಂದ ಎತ್ತಿಕೊಂಡರು. ಹೀಗೆ ನೋಡಿದರೆ ಬಾಟಲಿ ಎಸೆಯುವ ಹುಡುಗನೂ ಮುದ್ಗರ ಬೀಸುವ ಪೈಲವಾನನೂ ದೂರದ ನಂಟರು, ಮತ್ತು ಈ ನಂಟನ್ನು ಗೌರವದಿಂದ ಕಾಣುವುದು ಇಬ್ಬರಿಗೂ ಸಲ್ಲತಕ್ಕದ್ದು.

ಸ್ಟಾಲಿನ ನಂಟರನ್ನು ಹುಡುಕಲು ಅಷ್ಟು ದೂರವೂ ಹೋಗಬೇಕಾಗಿಲ್ಲ. ಮಕರ ಸಂಕ್ರಾಂತಿಯ ಹೊತ್ತಿಗೆ ವಿಜಯಪುರದಲ್ಲಿ ನಡೆಯುವ ಸಿದ್ಧೇಶ್ವರ ಜಾತ್ರೆಯಲ್ಲಿ ನಂದಿಕೋಲುಗಳ ಮೆರವಣಿಗೆ ಹೊರಡುತ್ತದೆ; ಸೊನ್ನಲಿಗೆಯ ಸಿದ್ಧರಾಮನ ನೆನಪಿನ ಸೊಲ್ಲಾಪುರದ ಜಾತ್ರೆಯಲ್ಲಿ ಇವೇ ಏಳು ನಂದಿಧ್ವಜಗಳಾಗಿ ನಡೆಯುತ್ತವೆ. ಆಳೆತ್ತರವನ್ನು ಬಹಳವಾಗಿ ಮೀರಿದ, ಅಲಂಕಾರದ ಭಾರ ಹೊತ್ತ ಕೋಲಿನ ಬುಡವನ್ನು ಸೊಂಟಕ್ಕೆ ಬಿಗಿದ ಪಟ್ಟಿಯಲ್ಲಿ ಊರಿಕೊಂಡು, ತುದಿಯತ್ತ ಕಣ್ಣಿಟ್ಟು, ಹೆಜ್ಜೆಯಿಂದ ಹೆಜ್ಜೆಗೆ ತೂಕ ಸರಿಪಡಿಸುತ್ತ ನಡೆಯುವ ಭಕ್ತನ ದೇಹ ಮಾಡುವ ಕೆಲಸವೂ ಸ್ಟಾಲ್ ಮಾಡುವವನ ಕೈಯ ಕೆಲಸವೂ ತತ್ತ್ವದಲ್ಲಿ ಒಂದೇ. ಒಂದು ವ್ಯತ್ಯಾಸ ಮಾತ್ರ ಕುತೂಹಲದ್ದು. ನೆಟ್ಟಗೆ ನಿಂತ ವಸ್ತು ವಾಲಿ ಬೀಳಲು ತೆಗೆದುಕೊಳ್ಳುವ ಸಮಯ ಅದರ ಎತ್ತರದ ವರ್ಗಮೂಲಕ್ಕೆ ತಕ್ಕಂತೆ ಹೆಚ್ಚುತ್ತದೆ. ಸುಮಾರು 30 ಸೆಂಟಿಮೀಟರಿನ ಬಾಟಲಿಗಿಂತ 16 ಪಟ್ಟು ಉದ್ದದ ಕೋಲು ಬೀಳಲು 4 ಪಟ್ಟು ಸಮಯ ತೆಗೆದುಕೊಳ್ಳುತ್ತದೆ. ನಂದಿಕೋಲು ಹೊತ್ತವನಿಗೆ ಭಾರ ಹೆಚ್ಚು, ಆದರೆ ತಿದ್ದಿಕೊಳ್ಳಲು ಬಿಡುವುಂಟು. ಬಾಟಲಿ ಹೊತ್ತವನಿಗೆ ಭಾರ ಕಡಿಮೆ, ಬಿಡುವು ಇಲ್ಲವೇ ಇಲ್ಲ. ಇದೇ ಜಾತ್ರೆಯಲ್ಲಿ ಭಾರ ಎತ್ತುವ ಸ್ಪರ್ಧೆಗಳೂ ನಡೆಯುತ್ತವೆ. ಕಲ್ಲು, ಚೀಲಗಳನ್ನು ಎತ್ತಿ ಹೆಗಲಿಗೇರಿಸುವವರನ್ನು ನೋಡಲು ಟಿಕೋಟಾ, ಬಬಲೇಶ್ವರಗಳ ಹಳ್ಳಿಗಳಿಂದ ಬರುವ ಜನ ಹಗುರವಾದುದನ್ನು ಹದವಾಗಿ ಆಡಿಸುವ ಕಸುವನ್ನೂ ಗುರುತಿಸಬಲ್ಲರು. ಶಾಲೆಯ ಮಕ್ಕಳ ಲೇಜಿಮ್, ಮೊಹರಂನ ಹೆಜ್ಜೆ ಮೇಳ, ಊರೂರು ಅಲೆದು ಹಗ್ಗದ ಮೇಲೆ ನಡೆದು ತೋರಿಸಿದ ದೊಂಬರಾಟದ ಕುಟುಂಬಗಳು, ಇವೆಲ್ಲ ಅದೇ ಕಣ್ಣನ್ನು ಪಳಗಿಸಿದವು. ಅವರಲ್ಲಿ ದೊಂಬರಾಟದವರಿಗೆ ಮಾತ್ರ ಅವರ ವಿದ್ಯೆಗೆ ತಕ್ಕ ಮಾನ ಎಂದೂ ಸಿಗಲಿಲ್ಲವೆಂಬುದು ನೋವಿನ ಸಂಗತಿ. ಬೀದಿಯಲ್ಲಿ ತೋರಿಸಿದ್ದಕ್ಕೆ ಚಿಲ್ಲರೆ ಬಿತ್ತೇ ಹೊರತು ಹೆಸರು ಬರಲಿಲ್ಲ.

ಬಾಟಲಿ ಮೂರಾದಾಗ ಆಟ ಗಣಿತಕ್ಕೆ ತಿರುಗುತ್ತದೆ. ಮಾಹಿತಿ ಸಿದ್ಧಾಂತದ ಜನಕನೆಂದು ಹೆಸರಾದ ಅಮೆರಿಕದ ಕ್ಲಾಡ್ ಶಾನನ್ ಸ್ವತಃ ಜಗ್ಲರ್ ಆಗಿದ್ದು, ಈ ವಿದ್ಯೆಗೆ ಒಂದು ಸೂತ್ರವನ್ನೇ ಕೊಟ್ಟ. ವಸ್ತು ಗಾಳಿಯಲ್ಲಿರುವ ಕಾಲಕ್ಕೆ ಅದು ಕೈಯಲ್ಲಿರುವ ಕಾಲವನ್ನು ಕೂಡಿಸಿ ಕೈಗಳ ಸಂಖ್ಯೆಯಿಂದ ಗುಣಿಸಿದರೆ, ಕೈ ಖಾಲಿಯಿರುವ ಕಾಲಕ್ಕೆ ಅದು ತುಂಬಿರುವ ಕಾಲವನ್ನು ಕೂಡಿಸಿ ವಸ್ತುಗಳ ಸಂಖ್ಯೆಯಿಂದ ಗುಣಿಸಿದ್ದಕ್ಕೆ ಸಮನಾಗುತ್ತದೆ ಎಂಬುದು ಆ ಸೂತ್ರ. ಎರಡು ಕೈ, ಮೂರು ಬಾಟಲಿ ಇದ್ದು, ಪ್ರತಿ ಬಾಟಲಿ ಕೈಯಲ್ಲಿ 0.3 ಸೆಕೆಂಡು ನಿಂತು, ಕೈ 0.2 ಸೆಕೆಂಡು ಖಾಲಿಯಿರುವುದಾದರೆ, ಬಾಟಲಿ ಗಾಳಿಯಲ್ಲಿರಬೇಕಾದದ್ದು 0.45 ಸೆಕೆಂಡು, ಅದಕ್ಕೆ ಬೇಕಾದ ಎತ್ತರ ಸುಮಾರು 25 ಸೆಂಟಿಮೀಟರ್, ಒಂದು ಗೇಣಿಗಿಂತ ತುಸು ಹೆಚ್ಚು. ಮೂರು ಬಾಟಲಿ ಎಂದೊಡನೆ ಸೂರಿಗೆ ತಾಗುವಂತೆ ಎಸೆಯಬೇಕೆಂದು ಹೆದರುವವರಿಗೆ ಈ ಲೆಕ್ಕ ಧೈರ್ಯ ಕೊಡುತ್ತದೆ. ಅಷ್ಟು ಕಡಿಮೆ ಸಮಯದಲ್ಲಿ ಒಂದು ಪೂರ್ಣ ಸುತ್ತು ತಿರುಗಿಸುವುದು ಕಷ್ಟವಾದುದರಿಂದ ಆಟಗಾರರು ಇನ್ನೂ ಕೊಂಚ ಎತ್ತರ ತೆಗೆದುಕೊಳ್ಳುತ್ತಾರೆ ಎಂಬುದು ಬೇರೆ ಮಾತು.

ಈ ವಿದ್ಯೆಗೆ ಎದುರಾಗುವ ದೊಡ್ಡ ತಡೆ ಮನೆಯಲ್ಲಿದೆ, ಮತ್ತು ಅದನ್ನು ಹಗುರವಾಗಿ ಕಾಣುವುದು ಸರಿಯಲ್ಲ. ಮಗನ ಕೈಯಲ್ಲಿ ಬಾಟಲಿ ಕಂಡ ತಾಯಿಯ ಎದೆ ನಡುಗುವುದಕ್ಕೆ ಈ ಸೀಮೆಯ ಹಳ್ಳಿಗಳಲ್ಲಿ ಕಾರಣಗಳಿವೆ. ಕರ್ನಾಟಕ ಸರ್ಕಾರ 2007ರ ಜುಲೈ 1ರಿಂದ ಸಾರಾಯಿ ಮಾರಾಟವನ್ನು ನಿಲ್ಲಿಸಿದ್ದರ ಹಿಂದೆ, ಕುಡಿತದಿಂದ ಮುರಿದ ಮನೆಗಳ ಹೆಂಗಸರು ವರ್ಷಗಟ್ಟಲೆ ಬೀದಿಗಿಳಿದು ನಡೆಸಿದ ಹೋರಾಟದ ಬಲವಿತ್ತು. ಆ ಹೆಂಗಸರ ಮಾತು ಇಂದಿಗೂ ಸುಳ್ಳಾಗಿಲ್ಲ. ಆದರೆ ಬಾಟಲಿಯೊಳಗಿನದಕ್ಕೂ ಬಾಟಲಿಯನ್ನು ಆಡಿಸುವ ಕೈಗೂ ಇರುವ ಗಂಟು ಬಿಚ್ಚಲಾಗದಂಥದಲ್ಲ. ಕುಡಿದ ಕೈಯಿಂದ ಈ ಆಟ ಸಾಧ್ಯವೇ ಇಲ್ಲ. ಅರ್ಧ ಸೆಕೆಂಡಿನ ಲೆಕ್ಕದಲ್ಲಿ ಬದುಕುವ ವಿದ್ಯೆ ಕಲಿಯುವವರಿಂದ ಮೊದಲು ಕೇಳುವುದೇ ಎಚ್ಚರವನ್ನು. ಅಭ್ಯಾಸವೆಲ್ಲ ನೀರಿನಿಂದಲೇ ನಡೆಯುತ್ತದೆ, ಸುರಿಯುವ ಎಣಿಕೆಯೂ ನೀರಿನಿಂದಲೇ ಕೂರುತ್ತದೆ. ಪೋರರ್ ಹಾಕಿದ ಬಾಟಲಿಯನ್ನು ಪೂರ್ತಿ ತಲೆಕೆಳಗು ಮಾಡಿ, ಮನಸ್ಸಿನಲ್ಲಿ ಒಂದು, ಎರಡು, ಮೂರು, ನಾಲ್ಕು ಎಂದು ಸಮನಾದ ಲಯದಲ್ಲಿ ಎಣಿಸಿ, ನಾಲ್ಕಕ್ಕೆ 60 ಮಿಲಿಲೀಟರ್, ಎರಡಕ್ಕೆ 30 ಮಿಲಿಲೀಟರ್ ಬೀಳುವಂತೆ ಕೈಯನ್ನು ಪಳಗಿಸುತ್ತಾರೆ, ಪ್ರತಿ ಸಲವೂ ಅಳತೆಯ ಲೋಟಕ್ಕೆ ಹೊಯ್ದು ತಾಳೆ ನೋಡುತ್ತಾರೆ. ಎಸೆತ ಎಷ್ಟೇ ಚೆಂದವಿದ್ದರೂ ಈ ತಾಳೆ ತಪ್ಪಿದವರನ್ನು ವೃತ್ತಿಯವರು ಪಕ್ವವಾದವರೆಂದು ಒಪ್ಪುವುದಿಲ್ಲ.

ನಗರಗಳ ಮದುವೆಗಳಲ್ಲಿ ಈಗ ಮಾಕ್‌ಟೇಲ್ ಕೌಂಟರುಗಳು ಬರುತ್ತಿವೆ. ಮದ್ಯವಿಲ್ಲದೆ ಹಣ್ಣಿನ ರಸ, ಪಾನಕ, ಸೋಡಾಗಳನ್ನು ಕೂಡಿಸಿ ಮಾಡಿದ ಪಾನೀಯ ಮಾಕ್‌ಟೇಲ್. ಅಲ್ಲಿ ಬಾಟಲಿ ಆಡಿಸುವವರ ಎದುರು ಅಜ್ಜಿಯರೂ ಮೊಮ್ಮಕ್ಕಳೂ ಕೂಡಿಯೇ ನಿಲ್ಲುತ್ತಾರೆ. ವಿಜಯಪುರ ಜಿಲ್ಲೆಗೆ ಇದಕ್ಕೆ ಬೇಕಾದ ಸರಕೆಲ್ಲ ಮನೆಯಲ್ಲಿಯೇ ಇದೆ: ಭೌಗೋಳಿಕ ಗುರುತು ಪಡೆದ ಇಂಡಿ ತಾಲ್ಲೂಕಿನ ಲಿಂಬೆ, ಟಿಕೋಟಾ ಬಬಲೇಶ್ವರಗಳ ದ್ರಾಕ್ಷಿ, ಇವುಗಳ ನೆರೆಯ ಊರುಗಳ ದಾಳಿಂಬೆ. ಗಾಜಿನ ಗೋಲಿ ಬಾಯಿಯನ್ನು ಮುಚ್ಚುವ ಸೋಡಾ ಬಾಟಲಿ, ಇಂಗ್ಲೆಂಡಿನ ಹೈರಮ್ ಕಾಡ್ 1872ರಲ್ಲಿ ಪೇಟೆಂಟ್ ಪಡೆದ ವಿನ್ಯಾಸ, ನಮ್ಮ ಜಾತ್ರೆಗಳಲ್ಲಿ ಉಳಿದು ಬಂದಿದೆ; ಹೆಬ್ಬೆರಳಿನಿಂದ ಗೋಲಿಯನ್ನು ಒಳಕ್ಕೆ ಒತ್ತಿ, ನೊರೆ ಉಕ್ಕುವ ಮುನ್ನ ಲೋಟಕ್ಕೆ ಬಗ್ಗಿಸುವ ಸೋಡಾದವನ ಕೈಯೂ ಈ ಬಳಗದ್ದೇ.

ಆದ್ದರಿಂದ ಈ ವಿದ್ಯೆಗೆ ನೆಲ ಮಾಡಿಕೊಡುವ ಕೆಲಸ ಬಾರುಗಳಿಂದ ಆರಂಭವಾಗಬೇಕಾಗಿಲ್ಲ. ಉತ್ತರ ಕರ್ನಾಟಕದ ಕಾಲೇಜುಗಳು ವರ್ಷಕ್ಕೊಮ್ಮೆ ನಡೆಸುವ ಗ್ಯಾದರಿಂಗಿನಲ್ಲಿ ಹಾಡು, ಕುಣಿತ, ನಾಟಕಗಳ ಜೊತೆಗೆ ಬಾಟಲಿಯ ಆಟಕ್ಕೂ ಹತ್ತು ನಿಮಿಷ ಕೊಟ್ಟರೆ ಆದೀತು, ಜಾತ್ರೆಯ ಮೈದಾನದ ಒಂದು ಬದಿಯಲ್ಲಿ ಲಿಂಬೆ ಪಾನಕದ ಅಂಗಡಿಯ ಎದುರು ನಡೆದರೂ ಆದೀತು. ಹುಡುಗರಂತೆ ಹುಡುಗಿಯರಿಗೂ ಅಲ್ಲಿ ಸಮನಾದ ಜಾಗವಿರಬೇಕು, ಏಕೆಂದರೆ ಈ ಆಟದಲ್ಲಿ ತೋಳಿನ ಬಲಕ್ಕೆ ಯಾವ ಹೆಚ್ಚುಗಾರಿಕೆಯೂ ಇಲ್ಲ. ನಿಯಮಗಳನ್ನು ಮಾಡುವುದೂ ಕಷ್ಟವಲ್ಲ: ಎಲ್ಲರಿಗೂ ಒಂದೇ ತೂಕದ ಪ್ಲಾಸ್ಟಿಕ್ ಬಾಟಲಿ, ಅದರಲ್ಲಿ ಮೂರನೆಯ ಒಂದು ಪಾಲು ನೀರು, ಕೆಳಗೆ ಬಿದ್ದ ಪ್ರತಿ ಬಾಟಲಿಗೂ ಚೆಲ್ಲಿದ ಪ್ರತಿ ಧಾರೆಗೂ ಅಂಕ ಕಡಿತ, ಆಟದ ಕೊನೆಯಲ್ಲಿ 60 ಮಿಲಿಲೀಟರ್ ಪಾನಕವನ್ನು ಎಣಿಕೆಯಿಂದಲೇ ಸುರಿದು ತೋರಿಸುವುದು ಕಡ್ಡಾಯ, ಆ ಲೋಟವನ್ನು ಅಳೆದು ನೋಡಿದ ಮೇಲೆಯೇ ಉಳಿದ ಅಂಕಗಳನ್ನು ಕೂಡಿಸುವುದು.